ಹೊರುವವರ ಹೆಸರು ಪಟ್ಟಿಯಲ್ಲಿಲ್ಲ

ಬೆಟ್ಟ ಎಲ್ಲರದು ಅಂತ ವೇದಿಕೆಯಲ್ಲಿ ಭಾಷಣ ಮಾಡುವವರ ಕೈಗೆ ನಾನೊಂದು ಹಾಳೆ ಕೊಡುತ್ತೇನೆ, ಓದಲಿ. ಮಕ್ಕಳ ವಿಜ್ಞಾನ ಮತ್ತು ಪರ್ವತಾರೋಹಣ ಶಿಬಿರದ ಅರ್ಜಿಯ ಜೊತೆ ಬರುವ ಹಾಳೆ ಅದು. ಮೇಲುಗಡೆ ದಪ್ಪಕ್ಷರದಲ್ಲಿ ‘ಶಿಬಿರಾರ್ಥಿಗಳು ತರಬೇಕಾದ ವಸ್ತುಗಳು’ ಅಂತ ಇರುತ್ತದೆ. ಹರಡಿನ ಮೇಲೆ ಬರುವ ಚಾರಣದ ಶೂ. ಎರಡು ಜೊತೆ ಉಣ್ಣೆ ಕಾಲುಚೀಲ. ಥರ್ಮಲ್ ಉಡುಪು. ಗಾಳಿ, ಮಳೆ ತಡೆಯುವ ಜಾಕೆಟ್. ಹಣೆಗೆ ಕಟ್ಟುವ ಟಾರ್ಚು. ಅರವತ್ತು ಲೀಟರಿನ ರಕ್‌ಸ್ಯಾಕ್. ಡಾಕ್ಟರ ಫಿಟ್‌ನೆಸ್ ಸರ್ಟಿಫಿಕೇಟು. ಕಡೆಯಲ್ಲಿ ಶುಲ್ಕ. ಈ ಹಾಳೆಯಲ್ಲಿ ಜಾತಿಯ ಕಾಲಂ ಇಲ್ಲ. ಅದರ ಅಗತ್ಯವೂ ಇಲ್ಲ. ಸರ್ಕಾರಿ ಹಾಸ್ಟೆಲಿನಲ್ಲಿ ಓದುವ ಹುಡುಗಿ ಮೊದಲ ಸಾಲು ಓದುತ್ತಾಳೆ, ತನ್ನ ಕಾಲಿನ ಹವಾಯಿ ಚಪ್ಪಲಿ ನೋಡಿಕೊಳ್ಳುತ್ತಾಳೆ, ಹಾಳೆ ಮಡಚಿಟ್ಟು ಎದ್ದು ಹೋಗುತ್ತಾಳೆ. ಅವಳನ್ನು ಯಾರೂ ಬೇಡ ಅನ್ನಲಿಲ್ಲ. ಪಟ್ಟಿಯೇ ಬೇಡ ಅಂದಿತು.

ಇಂಥ ಶಿಬಿರಗಳ ಸಾಮಾನು, ಸಾಗಾಟ, ರೇಷನ್, ಅರಣ್ಯ ಇಲಾಖೆಯ ಪರ್ಮಿಟ್ಟು, ಜೀಪು, ರೈಲು ಟಿಕೆಟ್ಟು ನೋಡಿಕೊಳ್ಳುವ ಕೆಲಸ ನನ್ನದು. ತುದಿಯಲ್ಲಿ ಬಾವುಟ ಹಿಡಿದು ನಿಂತ ಫೋಟೋದಲ್ಲಿ ಈ ಕೆಲಸ ಕಾಣಿಸುವುದಿಲ್ಲ. ಆದರೆ ಯಾರು ಹತ್ತಬೇಕು, ಯಾರು ಹೊರಬೇಕು, ಯಾರಿಗೆ ಟೆಂಟು, ಯಾರಿಗೆ ಬಯಲು, ಹಿಮಗಾಳಿ ಎದ್ದ ರಾತ್ರಿ ಯಾರನ್ನು ಮೊದಲು ಕೆಳಗಿಳಿಸಬೇಕು ಎಂಬುದೆಲ್ಲ ತೀರ್ಮಾನವಾಗುವುದು ನನ್ನಂಥವರು ಬರೆಯುವ ಪಟ್ಟಿಗಳಲ್ಲಿ. ಸಮಾನತೆ ಸಂವಿಧಾನದ ಪುಟದಲ್ಲಿದ್ದರೆ ಸಾಲದು, ರೇಷನ್ ಪಟ್ಟಿಯಲ್ಲೂ ಇರಬೇಕು. ಅಲ್ಲಿ ಅದು ಇಲ್ಲ. ಇಲ್ಲದ್ದನ್ನು ಇದೆ ಅಂತ ತೋರಿಸುವ ಬಣ್ಣದ ಬ್ರೋಷರುಗಳ ಮೇಲೆ ನನಗೆ ತಡೆಯಲಾರದ ಸಿಟ್ಟಿದೆ.

ಲೆಕ್ಕದಿಂದಲೇ ಶುರು ಮಾಡೋಣ. ಇಪ್ಪತ್ತು ಮಕ್ಕಳು, ಹತ್ತು ದಿನ. ಚಳಿಯಲ್ಲಿ ನಡೆಯುವ ಮಗುವಿಗೆ ದಿನಕ್ಕೆ 700 ಗ್ರಾಂ ಒಣ ರೇಷನ್ ಹಿಡಿದರೆ 140 ಕಿಲೊ ಆಯಿತು. ಅದರ ಮೇಲೆ ಟೆಂಟು, ಸ್ಲೀಪಿಂಗ್ ಬ್ಯಾಗು, ಗ್ಯಾಸ್ ಸಿಲಿಂಡರು, ಪ್ರೆಶರ್ ಕುಕ್ಕರು, ಹಗ್ಗ, ಹಾರ್ನೆಸ್, ಔಷಧಿ ಪೆಟ್ಟಿಗೆ. ಇದು ವಿಜ್ಞಾನ ಶಿಬಿರವಾದ್ದರಿಂದ ಸೂಕ್ಷ್ಮದರ್ಶಕ, ಮಣ್ಣು ಪರೀಕ್ಷೆಯ ಕಿಟ್ಟು, ಹವಾಮಾನ ಅಳೆಯುವ ಉಪಕರಣ. ಒಟ್ಟು 400 ಕಿಲೊ ಅಂದುಕೊಳ್ಳಿ. ತಲೆಗೆ 20 ಕಿಲೊದಂತೆ ಹಂಚಿದರೆ ಇಪ್ಪತ್ತು ಹೊರುವವರು ಬೇಕು. ಆ ಇಪ್ಪತ್ತು ಮಂದಿಯೂ ಉಣ್ಣುತ್ತಾರೆ, ಮಲಗುತ್ತಾರೆ, ಅವರಿಗೂ ಚಳಿಯಾಗುತ್ತದೆ. ಅವರ ಅಕ್ಕಿ ಬೇಳೆಯನ್ನು ಹೊರಲು ಇನ್ನಷ್ಟು ಜನ ಬೇಕು. ಪ್ರಾಮಾಣಿಕ ಲೆಕ್ಕ ಅಂದರೆ ಇದು.

ಬಜೆಟ್ಟಿನಲ್ಲಿ ನಡೆಯುವ ಲೆಕ್ಕವೇ ಬೇರೆ. ಮಕ್ಕಳ ರೇಷನ್ ಗ್ರಾಂ ಲೆಕ್ಕದಲ್ಲಿ ಬರೆದಿರುತ್ತದೆ, ಹೊರುವವರದು ಬರೆದೇ ಇರುವುದಿಲ್ಲ. ಉಳಿದದ್ದು ಉಣ್ಣುತ್ತಾರೆ ಅಂತ ಅದರ ಅರ್ಥ. ಇಪ್ಪತ್ತು ಜನರ ಜಾಗದಲ್ಲಿ ಹನ್ನೆರಡು ಜನರನ್ನು ಹಿಡಿದರೆ ಕಂಟ್ರಾಕ್ಟರಿಗೆ ಎಂಟು ಜನರ ಕೂಲಿ ಉಳಿಯಿತು, ಹನ್ನೆರಡು ಬೆನ್ನುಗಳ ಮೇಲೆ ಮೂವತ್ತು ಕಿಲೊ ದಾಟಿತು. ನೇಪಾಳದಲ್ಲಿ ಚಾರಣದ ಪೋರ್ಟರಿಗೆ 30 ಕಿಲೊ ಮಿತಿಯಿದೆ. ಆಫ್ರಿಕಾದ ಕಿಲಿಮಂಜಾರೋದಲ್ಲಿ ಅದು 20 ಕಿಲೊ. ನಮ್ಮ ಹಾದಿಗಳಲ್ಲಿ ಮೂಟೆ ಕಟ್ಟುವ ಜಾಗದಲ್ಲಿ ತಕ್ಕಡಿ ಇಟ್ಟಿದ್ದನ್ನು ನಾನು ನೋಡಿದ್ದು ಅಪರೂಪ.

ಗಢವಾಲದ ಸಾಂಕ್ರಿ ಊರಿನಲ್ಲಿ, ಜೀಪಿನ ದಾರಿ ಮುಗಿದು ಕಾಲುದಾರಿ ಶುರುವಾಗುವಲ್ಲಿ, ಒಂದು ಮುಂಜಾನೆ ಸಾಮಾನು ಹಂಚುತ್ತಿದ್ದೆವು. ಸೂಕ್ಷ್ಮದರ್ಶಕದ ಪೆಟ್ಟಿಗೆ ಒಬ್ಬ ಹುಡುಗನ ಪಾಲಿಗೆ ಬಂತು. ಅದರ ಮೇಲೆ ಒಂದು ಟೆಂಟು, ಟೆಂಟಿನ ಮೇಲೆ ಈರುಳ್ಳಿ ಚೀಲ. ಹಣೆಗೆ ಪಟ್ಟಿ ಕೊಟ್ಟು ಎದ್ದು ನಿಂತಾಗ ಅವನ ಕತ್ತಿನ ನರಗಳು ಉಬ್ಬಿದ್ದು ಹತ್ತು ಮಾರು ದೂರಕ್ಕೂ ಕಾಣುತ್ತಿತ್ತು. ಕಾಲಿಗೆ ಕ್ಯಾನ್‌ವಾಸ್ ಶೂ. ಎಡಗಾಲಿನ ಅಟ್ಟೆ ಬಾಯಿ ಬಿಟ್ಟಿದ್ದರಿಂದ ಸುತ್ತ ಪ್ಲಾಸ್ಟಿಕ್ ದಾರ ಸುತ್ತಿದ್ದ. ಮೇಲೆ ಹಿಮ ಇದೆ, ಇವನಿಗೆ ಶೂ ಎಲ್ಲಿ ಅಂತ ಕಂಟ್ರಾಕ್ಟರನ್ನು ಕೇಳಿದೆ. ‘ಇವರಿಗೆಲ್ಲ ಅಭ್ಯಾಸ ಇದೆ ಸಾಬ್’ ಅಂದ. ಪಕ್ಕದಲ್ಲಿ ಶೂ ಲೇಸು ಬಿಗಿಯುತ್ತಿದ್ದ ನಮ್ಮ ತಂಡದ ಹುಡುಗಿ ತಲೆಯೆತ್ತಿ ಕೇಳಿದಳು: ‘ಸರ್, ಅವನಿಗೂ ನನ್ನ ವಯಸ್ಸೇ ಅಲ್ವಾ?’

ಹೌದಮ್ಮ, ನಿನ್ನ ವಯಸ್ಸೇ. ನಿನಗೆ ಹದಿನೇಳಾದರೆ ಅದು ಯುವಜನ ಸಾಹಸಯಾತ್ರೆ. ಅವನಿಗೆ ಹದಿನೇಳಾದರೆ ಅದು ಕೂಲಿ. ನೀನು ಇಳಿದು ಬಂದಾಗ ಸರ್ಟಿಫಿಕೇಟು ಸಿಗುತ್ತದೆ, ಕಾಲೇಜಿನ ಅರ್ಜಿಯಲ್ಲಿ ಒಂದು ಸಾಲು ಸೇರುತ್ತದೆ. ಅದೇ ದಾರಿಯನ್ನು ನಿನ್ನ ಹೊರೆಯ ಮೂರರಷ್ಟು ಹೊತ್ತು ಹತ್ತಿಳಿದ ಅವನಿಗೆ ಮೊಣಕಾಲು ನೋವು ಸಿಗುತ್ತದೆ.

ಅವರಿಗೆ ಅಭ್ಯಾಸ ಇದೆ! ಈ ಮಾತನ್ನು ನನ್ನ ಜನ ಎಷ್ಟು ತಲೆಮಾರಿನಿಂದ ಕೇಳುತ್ತಿದ್ದಾರೆ. ಮಲದ ಗುಂಡಿಗೆ ಇಳಿಸುವಾಗ, ಸುಡುವ ಬಿಸಿಲಿನಲ್ಲಿ ಬರಿಗಾಲಲ್ಲಿ ನಾಟಿಗೆ ನಿಲ್ಲಿಸುವಾಗ, ಕಲ್ಲು ಒಡೆಸುವಾಗ, ಹೆಣ ಹೊರಿಸುವಾಗ ಇದೇ ಮಾತು. ಹಿಮಾಲಯದ ಎತ್ತರಕ್ಕೆ ಏರಿದರೂ ಈ ಮಾತು ಏದುಸಿರು ಬಿಡದೆ ಜೊತೆಗೇ ಬರುತ್ತದೆ. ಇದು ಹಸಿ ಸುಳ್ಳು. ಎತ್ತರದ ಕಾಯಿಲೆ ಜಾತಿ ನೋಡುವುದಿಲ್ಲ, ಕೂಲಿ ಚೀಟಿ ನೋಡುವುದಿಲ್ಲ. ಎಷ್ಟೋ ಪೋರ್ಟರುಗಳು ಕೆಳಗಿನ ಕಣಿವೆಗಳಿಂದ, ನೇಪಾಳದ ತಗ್ಗು ಊರುಗಳಿಂದ ಕೆಲಸ ಹುಡುಕಿ ಬಂದವರು. 5,500 ಮೀಟರ್ ಎತ್ತರದಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧ. ಅದು ಬೆಂಗಳೂರಿನ ಹುಡುಗನಿಗೂ ಅರ್ಧ, ಅವನ ಚೀಲ ಹೊತ್ತವನಿಗೂ ಅರ್ಧ.

ಬೆಟ್ಟದ ಚರಿತ್ರೆ ತೆಗೆದು ನೋಡಿ. ಎವರೆಸ್ಟ್ ಹತ್ತುವಾಗ ಮೊದಲು ಸತ್ತವರು ಹೊರುವವರು. 1922ರ ಜೂನ್ 7ರಂದು ಬ್ರಿಟಿಷರ ಯಾತ್ರೆಯ ಮೇಲೆ ಹಿಮಕುಸಿತವಾಯಿತು. ಏಳು ಶೆರ್ಪಾಗಳು ಸತ್ತರು, ಜೊತೆಗಿದ್ದ ಬಿಳಿಯರು ಬದುಕಿ ಬಂದರು. 1953ರಲ್ಲಿ ತೇನ್‌ಸಿಂಗ್ ಮತ್ತು ಹಿಲರಿ ತುದಿ ಮುಟ್ಟಿದ ಯಾತ್ರೆಯ ಸಾಮಾನನ್ನು ಕಠ್ಮಂಡುವಿನಿಂದ ಹೊತ್ತವರು ಮುನ್ನೂರೈವತ್ತಕ್ಕೂ ಹೆಚ್ಚು ಮಂದಿ. ಆ ಯಾತ್ರೆ ಶುರುವಾಗುವ ಮುಂಚೆ ಕಠ್ಮಂಡುವಿನ ಬ್ರಿಟಿಷ್ ರಾಯಭಾರ ಕಚೇರಿಯಲ್ಲಿ ಸಾಹೇಬರಿಗೆ ಕೋಣೆ ಕೊಟ್ಟರು, ಶೆರ್ಪಾಗಳನ್ನು ಗ್ಯಾರೇಜಿನ ನೆಲದ ಮೇಲೆ ಮಲಗಿಸಿದರು. ಅಲ್ಲಿ ಕಕ್ಕಸು ಇರಲಿಲ್ಲ. ಮರುದಿನ ಬೆಳಿಗ್ಗೆ ಶೆರ್ಪಾಗಳು ಸಾಲಾಗಿ ನಿಂತು ಕಚೇರಿಯ ಮುಂದಿನ ರಸ್ತೆಯಲ್ಲೇ ಮೂತ್ರ ಮಾಡಿದರು. ನನ್ನ ಮಟ್ಟಿಗೆ ಆ ವರ್ಷದ ಮೊದಲ ವಿಜಯ ಅದು, ತುದಿ ಮುಟ್ಟಿದ್ದು ಎರಡನೆಯದು. ವ್ಯವಸ್ಥೆ ಮಾಡಿದವನ ಪಟ್ಟಿಯಲ್ಲಿ ತಮ್ಮ ದೇಹಕ್ಕೆ ಜಾಗ ಇಲ್ಲ ಅಂತ ಗೊತ್ತಾದ ಮನುಷ್ಯರು ಕೊಟ್ಟ ಉತ್ತರ ಅದು.

2014ರ ಏಪ್ರಿಲ್ 18. ಎವರೆಸ್ಟಿನ ಖುಂಬು ಐಸ್‌ಫಾಲ್ ಹಾದಿಯಲ್ಲಿ ಹಿಮಕುಸಿತವಾಗಿ ಹದಿನಾರು ನೇಪಾಳಿ ಕೆಲಸಗಾರರು ಸತ್ತರು. ಅವರು ಅಲ್ಲಿಗೆ ಹೋಗಿದ್ದು ಯಾರದೋ ಟೆಂಟು, ಯಾರದೋ ಹಗ್ಗ, ಯಾರದೋ ಆಮ್ಲಜನಕದ ಸಿಲಿಂಡರು ಹೊರಲು. ಅಲ್ಲಿನ ಸರ್ಕಾರ ಸತ್ತವರ ಮನೆಗಳಿಗೆ ತಕ್ಷಣದ ಪರಿಹಾರವಾಗಿ ಘೋಷಿಸಿದ್ದು ತಲಾ 40,000 ನೇಪಾಳಿ ರೂಪಾಯಿ. ಶೆರ್ಪಾಗಳು ಸಿಡಿದೆದ್ದರು. ಹೊರೆ ಕೆಳಗಿಟ್ಟರು. ಲಕ್ಷಾಂತರ ಡಾಲರ್ ಸುರಿದು ಬಂದಿದ್ದ ತಂಡಗಳು ನೇಪಾಳದ ಕಡೆಯಿಂದ ಗಂಟುಮೂಟೆ ಕಟ್ಟಿ ವಾಪಸಾದವು. ಹೊರುವವನು ಹೊರದಿದ್ದರೆ ಯಾವ ವೀರನೂ ಎಲ್ಲಿಗೂ ಹೋಗಲಾರ ಎಂಬುದು ಆ ವಸಂತದಲ್ಲಿ ಜಗತ್ತಿಗೇ ಗೊತ್ತಾಯಿತು.

ಅದೇ ವಸಂತದಲ್ಲಿ, ಆ ಬೆಟ್ಟದ ಇನ್ನೊಂದು ಬದಿಯಲ್ಲಿ, ಟಿಬೆಟ್ಟಿನ ಕಡೆಯಿಂದ ಇಬ್ಬರು ಮಕ್ಕಳು ಹತ್ತುತ್ತಿದ್ದರು. ಮಾಲಾವತ್ ಪೂರ್ಣಾ, ಲಂಬಾಡಿ ಕೂಲಿಕಾರ ದಂಪತಿಯ ಮಗಳು. ಸಾಧನಪಲ್ಲಿ ಆನಂದ್ ಕುಮಾರ್, ದಲಿತ ಕುಟುಂಬದ ಹುಡುಗ. ಇಬ್ಬರೂ ತೆಲುಗು ನಾಡಿನ ಸಮಾಜ ಕಲ್ಯಾಣ ವಸತಿ ಶಾಲೆಗಳ ಮಕ್ಕಳು. ಭುವನಗಿರಿಯ ಬಂಡೆಯ ಮೇಲೆ ಕಲಿತು, ಡಾರ್ಜಿಲಿಂಗಿನಲ್ಲಿ, ಲಡಾಖಿನಲ್ಲಿ ಪಳಗಿ ಬಂದವರು. 2014ರ ಮೇ 25ರಂದು ಇಬ್ಬರೂ ಎವರೆಸ್ಟಿನ ನೆತ್ತಿಯ ಮೇಲೆ ನಿಂತರು. ಪೂರ್ಣಾಗೆ ಆಗ 13 ವರ್ಷ 11 ತಿಂಗಳು. 2018ರಲ್ಲಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಆಶ್ರಮ ಶಾಲೆಗಳ ಆದಿವಾಸಿ ಮಕ್ಕಳಲ್ಲಿ ಐವರು ಅದೇ ತುದಿ ಮುಟ್ಟಿದರು.

ಈ ಮಕ್ಕಳು ಹೇಗೆ ಹೋದರು? ಪವಾಡದಿಂದ ಹೋಗಲಿಲ್ಲ. ಶೂ, ಜಾಕೆಟ್ಟು, ತರಬೇತಿ, ಊಟ, ವಿಮೆ, ಟಿಕೆಟ್ಟು, ಎಲ್ಲವನ್ನೂ ಸರ್ಕಾರ ತನ್ನ ಪಟ್ಟಿಗೆ ಹಾಕಿಕೊಂಡಿತು. ‘ಶಿಬಿರಾರ್ಥಿಗಳು ತರಬೇಕಾದ ವಸ್ತುಗಳು’ ಎಂಬ ತಲೆಬರಹವನ್ನು ಹರಿದು ‘ನಾವು ಕೊಡಬೇಕಾದ ವಸ್ತುಗಳು’ ಅಂತ ಬರೆದರು, ಅಷ್ಟೇ. ಬಡವರ ಮಕ್ಕಳಿಗೆ ಸಾಹಸದ ಆಸಕ್ತಿ ಇಲ್ಲ, ಅವರ ಮೈಯಲ್ಲಿ ಶಕ್ತಿ ಇಲ್ಲ, ಪೋಷಕರು ಕಳಿಸುವುದಿಲ್ಲ ಅಂತ ಹೇಳುತ್ತಿದ್ದವರೆಲ್ಲ ಅಂದೇ ಬಾಯಿ ಮುಚ್ಚಬೇಕಿತ್ತು. ಮುಚ್ಚಲಿಲ್ಲ. ಈಗಲೂ ಸಭೆಗಳಲ್ಲಿ ಅದನ್ನೇ ಹೇಳುತ್ತಾರೆ.

ನಮ್ಮ ನಾಡಿಗೇ ಬನ್ನಿ. ರಾಮನಗರದ ಬಂಡೆಗಳ ಮೇಲೆ ವಾರಾಂತ್ಯದಲ್ಲಿ ಬಣ್ಣ ಬಣ್ಣದ ಹಗ್ಗ ಇಳಿಬಿಟ್ಟು ಹತ್ತುವುದನ್ನು ಕಲಿಸುತ್ತಾರೆ. ಬಾದಾಮಿಯ ಕೆಂಪು ಮರಳುಗಲ್ಲಿಗೆ ದೇಶ ವಿದೇಶದ ಆರೋಹಿಗಳು ಬರುತ್ತಾರೆ. ಒಳ್ಳೆಯದೇ. ಆದರೆ ಈ ಕಲ್ಲಿನ ಜೊತೆ ತಲೆತಲಾಂತರದಿಂದ ಜೀವ ತೇಯ್ದ ಭೋವಿ ಸಮುದಾಯದ ಮಕ್ಕಳು ಆ ಹಗ್ಗದ ತುದಿಯಲ್ಲಿ ಎಷ್ಟು ಜನ ಇದ್ದಾರೆ? ಎಲ್ಲಿ ಬಿರುಕಿದೆ, ಯಾವ ಪದರ ಸಡಿಲ, ಯಾವುದು ಭಾರ ತಡೆಯುತ್ತದೆ ಎಂಬುದನ್ನು ಸುತ್ತಿಗೆಯ ಸದ್ದಿನಲ್ಲೇ ಹೇಳಬಲ್ಲವರ ಮಕ್ಕಳು ಅವರು. ಅವರನ್ನು ಬಂಡೆಯ ಬುಡದಲ್ಲಿ ನಿಲ್ಲಿಸಿ, ನೀರಿನ ಕ್ಯಾನು ತರಿಸಿಕೊಂಡು, ಮೇಲೆ ಹತ್ತಿದವರಿಗೆ ಚಪ್ಪಾಳೆ ತಟ್ಟಿಸುವ ಶಿಬಿರಕ್ಕೆ ವಿಜ್ಞಾನ ಅಂತ ಹೆಸರಿಡಬೇಡಿ.

ಶಿಬಿರದೊಳಗೂ ಊರಿನ ಜಾತಿಯೇ ಇದೆ. ಹೆತ್ತವರ ಫೋನುಗಳು ನನಗೆ ಬರುತ್ತವೆ. ‘ಅಡುಗೆಯವರು ಯಾರು ಸರ್?’ ಅಂತ ಕೇಳುತ್ತಾರೆ. ಹೆಸರು ಹೇಳಿದರೆ ಸಾಲದು, ‘ಯಾವ ಕಡೆಯವರು?’ ಅಂತ ಮುಂದಿನ ಪ್ರಶ್ನೆ. ಮಗನಿಗೆ ಬೇರೆ ತಟ್ಟೆ, ಬೇರೆ ಸೌಟು ಇರುತ್ತಾ ಅಂತ ವಿಚಾರಿಸುತ್ತಾರೆ. ಕಕ್ಕಸಿನ ಟೆಂಟಿಗೆ ಗುಂಡಿ ತೋಡುವ, ಮಣ್ಣು ಮುಚ್ಚುವ ಕೆಲಸ ಮಕ್ಕಳಿಗೂ ಮೇಷ್ಟರಿಗೂ ಸರದಿಯಲ್ಲಿ ಹಾಕಿದ್ದಕ್ಕೆ ಒಬ್ಬ ತಂದೆ ನನ್ನ ಮೇಲೆ ಕೂಗಾಡಿದರು: ‘ನನ್ನ ಮಗ ದುಡ್ಡು ಕೊಟ್ಟು ಬಂದಿರೋದು ಕಕ್ಕಸು ಗುಂಡಿ ತೋಡೋದಕ್ಕಾ?’ ನಾನು ಅವರಿಗೆ ಕೊಟ್ಟ ಉತ್ತರ ಒಂದೇ: ನಿಮ್ಮ ಮಗನ ಗುಂಡಿಯನ್ನು ಇನ್ಯಾರ ಮಗ ತೋಡಬೇಕು, ಹೇಳಿ. ಅವರು ಫೋನು ಇಟ್ಟರು. ಸರದಿ ನಿಲ್ಲಲಿಲ್ಲ. ಗುದ್ದಲಿ ಹಿಡಿದು ಗುಂಡಿ ತೋಡಿದ ಮಗು ಕಲಿತ ಸಮಾಜ ವಿಜ್ಞಾನವನ್ನು ಯಾವ ಪಠ್ಯಪುಸ್ತಕವೂ ಕಲಿಸಲಾರದು.

ಇನ್ನು ವಿಜ್ಞಾನ. 4,000 ಮೀಟರ್ ಎತ್ತರದಲ್ಲಿ ನೀರು ಸುಮಾರು 87 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿಯುತ್ತದೆ. ಪ್ರತಿ 300 ಮೀಟರಿಗೆ ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಯುತ್ತದೆ. ಮಕ್ಕಳು ಥರ್ಮಾಮೀಟರ್ ಅದ್ದಿ ಇದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಹತ್ತು ಹೆಜ್ಜೆ ಆಚೆ, ಅಡುಗೆ ಟೆಂಟಿನಲ್ಲಿ, ಮುಂಜಾವ ಮೂರಕ್ಕೆ ಎದ್ದು ಬೇಳೆಗೆ ಕುಕ್ಕರು ಇಟ್ಟವನಿಗೆ ಇದೆಲ್ಲ ಕೈಯಲ್ಲೇ ಗೊತ್ತಿದೆ. ಯಾವ ಕ್ಯಾಂಪಿನಲ್ಲಿ ಎಷ್ಟು ವಿಸಿಲ್, ಎಲ್ಲಿ ರಾಜ್ಮಾ ಬೇಯುವುದೇ ಇಲ್ಲ, ಎಲ್ಲಿಂದ ಗ್ಯಾಸು ಎರಡು ಪಟ್ಟು ಖರ್ಚು, ಎಲ್ಲವೂ. ಅವನನ್ನು ಪಾಠಕ್ಕೆ ಕರೆದ ಶಿಬಿರವನ್ನು ನಾನು ನೋಡಿಲ್ಲ.

ನೀರು ಕುದಿಯುವ ಬಿಸಿಯಿಂದಲೇ ಬೆಟ್ಟದ ಎತ್ತರ ಅಳೆದವರು ಯಾರು? ಕುಮಾವೂನಿನ ಮಿಲಮ್ ಊರಿನ ಶಾಲಾ ಮಾಸ್ತರ ನೈನ್ ಸಿಂಗ್ ರಾವತ್. 1860ರ ದಶಕದಲ್ಲಿ ವೇಷ ಮರೆಸಿಕೊಂಡು ಲ್ಹಾಸಾದವರೆಗೆ ನಡೆದರು. ನೂರು ಮಣಿಯ ಜಪಮಾಲೆಯಲ್ಲಿ ಹೆಜ್ಜೆ ಎಣಿಸಿ ದೂರ ಅಳೆದರು, ನೀರು ಕುದಿಸಿ ಎತ್ತರ ಲೆಕ್ಕ ಹಾಕಿದರು. ಆ ಬೆಟ್ಟದ ಮಗನ ಕಾಲು ಮತ್ತು ತಲೆಯಿಂದ ಟಿಬೆಟ್ಟಿನ ನಕ್ಷೆ ಮೂಡಿತು. 1877ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಅವರಿಗೆ ಚಿನ್ನದ ಪದಕ ಕೊಟ್ಟಿತು. ನಮ್ಮ ಮಕ್ಕಳ ಎಷ್ಟು ಶಿಬಿರಗಳಲ್ಲಿ ಅವರ ಹೆಸರು ಕೇಳಿಬರುತ್ತದೆ? ಕುದುರೆಮುಖದ ಶೋಲಾ ಕಾಡಿನಲ್ಲಿ ದಾರಿ ತೋರಿಸುವ ಮಲೆಕುಡಿಯರ ಹಿರಿಯ ಪ್ರತಿ ಗಿಡ, ಪ್ರತಿ ತೊರೆ, ಪ್ರತಿ ಕಪ್ಪೆಯ ಕೂಗು ಬಲ್ಲ. 1987ರಲ್ಲಿ ಆ ಕಾಡು ರಾಷ್ಟ್ರೀಯ ಉದ್ಯಾನವಾದ ಮೇಲೆ ಎತ್ತಂಗಡಿಯ ಭಯದ ನಡುವೆ ಬದುಕುತ್ತಿರುವ ಜನ ಅವರು. ಶಿಬಿರದ ವರದಿಯಲ್ಲಿ ಗಿಡಗಳ ಲ್ಯಾಟಿನ್ ಹೆಸರು ಇರುತ್ತದೆ, ತೋರಿಸಿಕೊಟ್ಟವರು ‘ಸ್ಥಳೀಯ ಸಹಾಯಕರು’ ಆಗಿರುತ್ತಾರೆ. ಜ್ಞಾನ ಕೊಟ್ಟವನ ಹೆಸರು ಅಳಿಸುವುದು ಕಳ್ಳತನ. ಅದನ್ನು ಮಕ್ಕಳ ಕೈಯಲ್ಲಿ ಮಾಡಿಸುವುದು ಇನ್ನೂ ದೊಡ್ಡ ಪಾಪ.

ಮಲೆನಾಡಿಗೆ ಶಿಬಿರ ಹೊರಟರೆ ಮಂಗನ ಕಾಯಿಲೆಯ ವಿಚಾರ ಬಂದೇ ಬರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಕಾಯಿಲೆ. ಉಣುಗು ಕಚ್ಚಿ ಬರುತ್ತದೆ, ಚಳಿಗಾಲದಿಂದ ಬೇಸಿಗೆಯವರೆಗೆ ಕಾಡುತ್ತದೆ. ಪೇಟೆಯ ಮಕ್ಕಳಿಗಾಗಿ ನಾವು ಉದ್ದ ತೋಳಿನ ಅಂಗಿ, ಮೈಗೆ ಹಚ್ಚುವ ಎಣ್ಣೆ, ಹತ್ತಿರದ ಆಸ್ಪತ್ರೆಯ ನಂಬರು ಎಲ್ಲ ಪಟ್ಟಿ ಮಾಡುತ್ತೇವೆ. ಮಾಡಲೇಬೇಕು. ಆದರೆ ಅದೇ ಕಾಡಿನಲ್ಲಿ ದಿನವೂ ತರಗೆಲೆ ಗುಡಿಸುವ, ಸೌದೆ ಹೊರುವ ಹೆಂಗಸು ನಮ್ಮ ಪಟ್ಟಿಯ ಯಾವ ಸಾಲಿನಲ್ಲೂ ಇಲ್ಲ. ಮೂರು ದಿನ ಬಂದು ಉಣುಗಿನ ಚಿತ್ರ ತೆಗೆದುಕೊಂಡು ಹೋಗುವ ಶಿಬಿರ ಅವಳಿಗೆ ಏನು ಕೊಟ್ಟಿತು? ಆ ಊರಿನ ಶಾಲೆಯ ಮಕ್ಕಳನ್ನು ಸೇರಿಸಿಕೊಂಡು, ಎಲ್ಲೆಲ್ಲಿ ಮಂಗ ಸತ್ತಿದೆ, ಯಾವ ದಾರಿಯಲ್ಲಿ ಉಣುಗು ಹೆಚ್ಚು ಅಂತ ನಕ್ಷೆ ಮಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಗೆ ಅಂಟಿಸಿ ಬಂದಿದ್ದರೆ ಅದು ವಿಜ್ಞಾನ.

ಜೀವ ಉಳಿಸುವ ವಿಚಾರಕ್ಕೂ ಬರೋಣ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಕರ್ನಾಟಕದವರೇ ಹೆಚ್ಚಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿತು. ಒಂಬತ್ತು ಮಂದಿ ಸತ್ತರು. ಉಳಿದವರನ್ನು ತರಲು ಹೆಲಿಕಾಪ್ಟರುಗಳು ಹಾರಿದವು, ನಮ್ಮ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನಿಗೆ ಹೋಗಿ ನಿಂತರು. ಆ ಸಾವುಗಳ ನೋವು ಇನ್ನೂ ಆರಿಲ್ಲ. ಬೆಟ್ಟದಲ್ಲಿ ಪ್ರಾಣ ಉಳಿಸುವುದು ಮೀಸಲು ದಿನ, ಹವಾಮಾನದ ಸುದ್ದಿ, ಹಿಂದಿರುಗುವ ಧೈರ್ಯ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಸುಮ್ಮನೆ ಕೂರಬೇಕು ಅನ್ನುತ್ತದೆ ವೈದ್ಯಶಾಸ್ತ್ರ. ಆದರೆ ಪ್ಯಾಕೇಜಿನ ಬೆಲೆ ಇಳಿಸಲು ಮೊದಲು ಹೊಡೆದು ಹಾಕುವ ಸಾಲು ಅದೇ ವಿಶ್ರಾಂತಿಯ ದಿನದ್ದು. ಉಪಗ್ರಹ ಫೋನು ಬೇಕೆಂದರೆ ಸರ್ಕಾರದ ಅನುಮತಿ ಬೇಕು, ಅದಕ್ಕೆ ಓಡಾಡುವ ತಾಳ್ಮೆ ಯಾರಿಗೂ ಇಲ್ಲ. ಕೊನೆಗೆ ಸುದ್ದಿ ಮುಟ್ಟಿಸಲು ಕತ್ತಲಲ್ಲಿ ಕೆಳಗೆ ಓಡುವವನು ಯಾರು? ಅದೇ ಪೋರ್ಟರ್. ವಿಮೆಯ ಕಾಗದದಲ್ಲಿ ಹೆಸರಿಲ್ಲದವನು.

ಇದಕ್ಕೆಲ್ಲ ದುಡ್ಡೆಲ್ಲಿ ಅಂತ ಕೇಳುತ್ತಾರೆ. ಬ್ಯಾನರಿಗೆ ದುಡ್ಡಿದೆ, ಡ್ರೋನ್ ವಿಡಿಯೊಗೆ ದುಡ್ಡಿದೆ, ಉದ್ಘಾಟನೆಗೆ ಬರುವ ಅತಿಥಿಯ ಹಾರ ತುರಾಯಿಗೆ ದುಡ್ಡಿದೆ. ಒಂದು ಜೊತೆ ಶೂಗೆ ಇಲ್ಲವೆ? ಒಂದು ಮಗು ಹತ್ತು ದಿನ ಹಾಕಿ ಬಿಟ್ಟ ಶೂ ವರ್ಷವಿಡೀ ಪೆಟ್ಟಿಗೆಯಲ್ಲಿ ಕೊಳೆಯುತ್ತದೆ. ಶೂ, ಜಾಕೆಟ್ಟು, ರಕ್‌ಸ್ಯಾಕುಗಳನ್ನು ಒಂದೆಡೆ ಕೂಡಿಟ್ಟು ತಾಲ್ಲೂಕು ತಾಲ್ಲೂಕಿಗೆ ಕಳಿಸುವ ಉಗ್ರಾಣ ಮಾಡಿದರೆ ಒಂದೇ ಸಾಮಾನಿನಲ್ಲಿ ಎಷ್ಟೋ ಶಿಬಿರ ನಡೆಯುತ್ತವೆ. ಇದು ಬರೀ ಸಾಗಾಟದ ಕೆಲಸ. ಮಾಡಬಲ್ಲವರು ಇದ್ದೇವೆ. ಮಾಡಿ ಅನ್ನುವ ಮನಸ್ಸು ಮೇಲಿನವರಿಗೆ ಇಲ್ಲ.

ಆದ್ದರಿಂದ ಬೇಡಿಕೆಗಳನ್ನು ನೇರವಾಗಿ ಇಡುತ್ತೇನೆ. ಮೊರಾರ್ಜಿ ದೇಸಾಯಿ ವಸತಿ ಶಾಲೆ, ಆಶ್ರಮ ಶಾಲೆ, ಸರ್ಕಾರಿ ಹಾಸ್ಟೆಲುಗಳ ಮಕ್ಕಳಿಗೆ ಪ್ರತಿ ಶಿಬಿರದಲ್ಲಿ ಅರ್ಧ ಜಾಗ ಬೇಕು, ದಯೆಯ ಲೆಕ್ಕದಲ್ಲಿ ಬೇಡ, ಹಕ್ಕಿನ ಲೆಕ್ಕದಲ್ಲಿ ಬೇಕು. ಶೂ ಮತ್ತು ಜಾಕೆಟ್ಟನ್ನು ಶಿಬಿರವೇ ಕೊಡಬೇಕು, ಎಲ್ಲ ಮಕ್ಕಳಿಗೂ ಒಂದೇ ತರಹದ್ದು. ಹೊರುವವರ ಹೆಸರು, ವಯಸ್ಸು, ಊರು ಪಟ್ಟಿಯ ಮೊದಲ ಪುಟದಲ್ಲಿ ಬರಬೇಕು. ಹದಿನೆಂಟು ತುಂಬದವರ ಬೆನ್ನಿಗೆ ಹೊರೆ ಏರಬಾರದು. ಆ ವಯಸ್ಸಿನ ಬೆಟ್ಟದ ಹುಡುಗ ಬಂದರೆ ಶಿಬಿರಾರ್ಥಿಯಾಗಿ ಬರಲಿ, ಅವನ ಮನೆಯ ಆದಾಯ ತಪ್ಪದಂತೆ ಅವನ ದಿನಗಳಿಗೆ ಭತ್ಯೆ ಕೊಡಿ. ಹೊರೆ 20 ಕಿಲೊ ದಾಟಬಾರದು, ತಕ್ಕಡಿ ಎಲ್ಲರ ಕಣ್ಣೆದುರು ಇರಬೇಕು. ಅದೇ ಊಟ, ಅದೇ ಟೆಂಟು, ಅಷ್ಟೇ ಮೊತ್ತದ ವಿಮೆ. ಕಾಯಿಲೆ ಬಿದ್ದ ಪೋರ್ಟರನ್ನು ಒಬ್ಬನೇ ಕೆಳಗೆ ಕಳಿಸುವಂತಿಲ್ಲ. ವರದಿಯಲ್ಲಿ ಕಲಿಸಿದವರೆಲ್ಲರ ಹೆಸರು, ಅಡುಗೆಯವರದೂ ಸೇರಿ.

ಹೆತ್ತವರೇ, ಮುಂದಿನ ಬೇಸಿಗೆಗೆ ಮಗುವಿನ ಶುಲ್ಕ ಕಟ್ಟುವ ಮುಂಚೆ ಸಂಘಟಕರಿಗೆ ಮೂರು ಪ್ರಶ್ನೆ ಕೇಳಿ. ನನ್ನ ಮಗುವಿನ ಹೊರೆ ಹೊರುವವರು ಯಾರು? ಅವರ ಕಾಲಿಗೆ ಏನಿದೆ? ಅವರು ಸತ್ತರೆ ಅವರ ಮನೆಗೆ ಎಷ್ಟು ಸಿಗುತ್ತದೆ? ಉತ್ತರ ಬರದಿದ್ದರೆ ದುಡ್ಡು ಕೊಡಬೇಡಿ, ಮಗುವನ್ನು ಕಳಿಸಬೇಡಿ. ಮಾಸ್ತರುಗಳೇ, ಉತ್ತರ ಇಲ್ಲದ ಶಿಬಿರಕ್ಕೆ ಸಹಿ ಹಾಕಬೇಡಿ. ಸಾಗಾಟದ ಕೆಲಸ ಮಾಡುವ ನನ್ನ ಜೊತೆಗಾರರೇ, ಬಜೆಟ್ಟಿನಲ್ಲಿ ಹೊರುವವರ ಸಾಲಿಗೆ ಗೆರೆ ಎಳೆಯಿರಿ ಅಂತ ಮೇಲಿನವರು ಹೇಳಿದ ದಿನ ಪೆನ್ನು ಕೆಳಗಿಡಿ. ಖುಂಬುವಿನಲ್ಲಿ ಶೆರ್ಪಾಗಳು ಹೊರೆ ಕೆಳಗಿಟ್ಟು ತೋರಿಸಿದರು. ನಾವು ಪಟ್ಟಿ ಬರೆಯದಿದ್ದರೆ ಒಂದು ಜೀಪೂ ಹೊರಡುವುದಿಲ್ಲ, ಒಂದು ಟೆಂಟೂ ಏಳುವುದಿಲ್ಲ. ಆ ಶಕ್ತಿ ನಮ್ಮ ಕೈಯಲ್ಲಿದೆ. ಈ ವರ್ಷದಿಂದಲೇ ಅದನ್ನು ಬಳಸೋಣ.